ಹೊಕ್ಕುಳ ಸುತ್ತಲಿನ ನೋವು

ಸೋಮವಾರ ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸಾಲಿನಿಂದ ಒಂದು ಮಗು ಹೊರಗೆ ಬರುತ್ತದೆ. ಮೈಸೂರು ಕಡೆಯ ಶಾಲೆಯಾದರೆ ‘ಮಿಸ್, ಹೊಟ್ಟೆ ನೋವು’ ಅನ್ನುತ್ತದೆ, ಧಾರವಾಡದ ಕಡೆಯಾದರೆ ‘ಟೀಚರ್, ಹೊಟ್ಟಿ ನೋಯಾಕತ್ತೈತ್ರಿ’ ಅನ್ನುತ್ತದೆ. ಎಲ್ಲಿ ನೋವು ಎಂದು ಕೇಳಿದರೆ ಎರಡೂ ಕಡೆಯ ಮಕ್ಕಳು ಅಂಗೈಯನ್ನು ಹೊಕ್ಕುಳ ಮೇಲಿಟ್ಟು ಸುತ್ತಲೂ ಒಮ್ಮೆ ಆಡಿಸುತ್ತಾರೆ. ಒಂದೇ ಬೆರಳಿಟ್ಟು ‘ಇಲ್ಲೇ’ ಎಂದು ತೋರಿಸುವವರು ಅಪರೂಪ. ಅರ್ಧ ಗಂಟೆ ಕಳೆದರೆ ನೋವು ಇಳಿದಿರುತ್ತದೆ. ಭಾನುವಾರ ಅದು ಬರುವುದೇ ಇಲ್ಲ, ದಸರಾ ರಜೆಯಲ್ಲಂತೂ ಅದರ ಸುಳಿವೇ ಇರುವುದಿಲ್ಲ. ಇದನ್ನೆಲ್ಲ ಗಮನಿಸಿದ ದೊಡ್ಡವರು ಸಾಮಾನ್ಯವಾಗಿ ಒಂದೇ ತೀರ್ಮಾನಕ್ಕೆ ಬರುತ್ತಾರೆ: ಇದು ನಾಟಕ, ಶಾಲೆಗೆ ಚಕ್ಕರ್ ಹೊಡೆಯಲು ಹೂಡಿದ ನೆಪ.

ಆ ತೀರ್ಮಾನ ತಪ್ಪು. ಮಗುವಿಗೆ ನೋಯುತ್ತಿರುವುದು ನಿಜ. ಆರರಿಂದ ಹತ್ತು ವರ್ಷದ ಮಗುವಿಗೆ ‘ನನಗೆ ಆತಂಕವಾಗುತ್ತಿದೆ’ ಎಂದು ಹೇಳಲು ಬರುವುದಿಲ್ಲ. ಒಳಗೆ ಆಗುತ್ತಿರುವುದಕ್ಕೆ ಆತಂಕ ಎಂಬ ಹೆಸರಿದೆ ಎಂಬುದೇ ಅದಕ್ಕಿನ್ನೂ ಗೊತ್ತಿರುವುದಿಲ್ಲ. ಗೊತ್ತಾಗುವುದು ಹೊಟ್ಟೆ ಹಿಂಡುವುದು, ತಲೆ ಸಿಡಿಯುವುದು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಆದ್ದರಿಂದ ಪ್ರಾಥಮಿಕ ಶಾಲೆಯಲ್ಲಿ ಮನಸ್ಸಿನ ಆರೋಗ್ಯದ ವಿಚಾರವನ್ನು ಹೊಟ್ಟೆಯಿಂದಲೇ ಶುರುಮಾಡುವುದು ಸರಿ.

ಈ ನೋವನ್ನು ಮೊದಲು ಶಿಸ್ತಾಗಿ ಎಣಿಸಿದವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮಕ್ಕಳ ವೈದ್ಯ ಜಾನ್ ಆಪ್ಲಿ. ಅವರು ಮತ್ತು ಅವರ ಸಹೋದ್ಯೋಗಿ ನೋರಾ ನೇಶ್ ಸಾವಿರ ಶಾಲಾ ಮಕ್ಕಳನ್ನು ಪರೀಕ್ಷಿಸಿ 1958ರಲ್ಲಿ ವರದಿ ಪ್ರಕಟಿಸಿದರು. ಮೂರು ತಿಂಗಳಿಗೂ ಹೆಚ್ಚು ಕಾಲದಲ್ಲಿ ಕನಿಷ್ಠ ಮೂರು ಬಾರಿ, ಆಟಪಾಠ ಬಿಟ್ಟು ಕೂರುವಷ್ಟು ಜೋರಾಗಿ ಬಂದ ನೋವನ್ನು ಮಾತ್ರ ಅವರು ಲೆಕ್ಕಕ್ಕೆ ತೆಗೆದುಕೊಂಡರು. ಅಷ್ಟು ಬಿಗಿಯಾದ ಲೆಕ್ಕದಲ್ಲೂ ಹತ್ತು ಮಕ್ಕಳಲ್ಲಿ ಒಬ್ಬರಿಗೆ ಆ ನೋವಿತ್ತು. ಹೊಟ್ಟೆಯಲ್ಲಿ ಹುಣ್ಣೋ ಹುಳುವೋ ಸೋಂಕೋ ಸಿಕ್ಕಿದ್ದು ಕೆಲವರಲ್ಲಿ ಮಾತ್ರ. ಉಳಿದವರನ್ನು ಹತ್ತಿರದಿಂದ ನೋಡಿದಾಗ ಭಯ, ನಿದ್ದೆಯ ತೊಂದರೆ, ಊಟದ ತಕರಾರು ನೋವಿಲ್ಲದ ಮಕ್ಕಳಿಗಿಂತ ಹೆಚ್ಚಾಗಿ ಕಂಡವು. ಆಪ್ಲಿ ಹೇಳಿದ ಒಂದು ಮಾತು ಇಂದಿಗೂ ಮಕ್ಕಳ ವೈದ್ಯರ ಬಾಯಲ್ಲಿದೆ: ನೋವು ಹೊಕ್ಕುಳಿನಿಂದ ದೂರ ಹೋದಷ್ಟೂ ಅದಕ್ಕೆ ದೇಹದ ಕಾಯಿಲೆ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಹಾಗಾದರೆ ಹೊಕ್ಕುಳೇ ಏಕೆ? ಚರ್ಮದ ಮೇಲೆ ಮುಳ್ಳು ಚುಚ್ಚಿದರೆ ಎಲ್ಲಿ ಚುಚ್ಚಿತೆಂದು ಮಿದುಳಿಗೆ ಕರಾರುವಾಕ್ಕಾಗಿ ತಿಳಿಯುತ್ತದೆ. ಕರುಳಿನ ವಿಷಯದಲ್ಲಿ ಆ ನಿಖರತೆ ಇಲ್ಲ. ಸಣ್ಣ ಕರುಳಿನಿಂದ ಹೊರಟ ನೋವಿನ ನರಗಳು ಬೆನ್ನುಹುರಿಯನ್ನು ಸೇರುವ ಮಟ್ಟದಲ್ಲೇ, ಅಂದರೆ ಎದೆಭಾಗದ ಹತ್ತನೆಯ ನರದ ಹತ್ತಿರ, ಹೊಕ್ಕುಳ ಸುತ್ತಲ ಚರ್ಮದ ನರಗಳೂ ಬಂದು ಸೇರುತ್ತವೆ. ಎರಡೂ ಒಂದೇ ಬಾಗಿಲಿನಿಂದ ಬಂದಾಗ ಮಿದುಳು ಕರುಳಿನ ನೋವನ್ನು ಹೊಕ್ಕುಳ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಅಂಗೈ ಅಲ್ಲಿಗೆ ಹೋಗುವುದು ಇದರಿಂದ.

ಇನ್ನು ಭಯಕ್ಕೂ ಕರುಳಿಗೂ ಇರುವ ನಂಟು. ಕರುಳಿನ ಗೋಡೆಯಲ್ಲೇ ಹತ್ತು ಕೋಟಿಗೂ ಹೆಚ್ಚು ನರಕೋಶಗಳ ಒಂದು ಜಾಲವಿದೆ. ವೇಗಸ್ ಎಂಬ ಉದ್ದನೆಯ ನರ ಅದನ್ನು ಮಿದುಳಿಗೆ ಜೋಡಿಸುತ್ತದೆ. ಈ ನರದ ಎಳೆಗಳಲ್ಲಿ ಬಹುಪಾಲು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ, ಹೊಟ್ಟೆಯಿಂದ ಮಿದುಳಿಗೆ. ಮಗು ಶಾಲೆಯ ಗೇಟು ಕಂಡೊಡನೆ ಬೆದರಿದರೆ ಮಿದುಳಿನ ಒಳಗಿರುವ ಬಾದಾಮಿಯಾಕಾರದ ಅಮಿಗ್ಡಲಾ ಎಚ್ಚರಗೊಳ್ಳುತ್ತದೆ. ಅದರ ಸೂಚನೆಯಂತೆ ಮಿದುಳಿನ ಇನ್ನೊಂದು ಭಾಗವಾದ ಹೈಪೊಥಲಾಮಸ್ ಒಂದು ರಾಸಾಯನಿಕವನ್ನು ಬಿಡುತ್ತದೆ. ಪಿಟ್ಯುಟರಿ ಗ್ರಂಥಿ, ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿ ಸರದಿಯಂತೆ ಎಚ್ಚತ್ತು ಕೊನೆಗೆ ರಕ್ತಕ್ಕೆ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಸೇರುತ್ತದೆ. ಹೈಪೊಥಲಾಮಸ್ ಬಿಟ್ಟ ಆ ಮೊದಲ ರಾಸಾಯನಿಕದ ಪ್ರಭಾವ ಜೀರ್ಣಾಂಗಗಳ ಮೇಲೂ ಇದೆ: ಜಠರ ಖಾಲಿಯಾಗುವುದು ನಿಧಾನವಾಗುತ್ತದೆ, ದೊಡ್ಡ ಕರುಳಿನ ಚಲನೆ ಚುರುಕಾಗುತ್ತದೆ. ಬೆಳಿಗ್ಗೆ ತಿಂದ ಉಪ್ಪಿಟ್ಟು ಹೊಟ್ಟೆಯಲ್ಲೇ ಕೂತಿರುತ್ತದೆ, ಕೆಳಗೆ ಕರುಳು ಹಿಂಡುತ್ತಿರುತ್ತದೆ. ಕೆಲವು ಮಕ್ಕಳ ಕರುಳಿನ ನರಗಳು ಹೆಚ್ಚು ಸೂಕ್ಷ್ಮ. ಬೇರೆಯವರ ಗಮನಕ್ಕೇ ಬಾರದ ಹಿಂಡುವಿಕೆ ಇವರಿಗೆ ನೋವಾಗಿ ತಿಳಿಯುತ್ತದೆ. ಭಾನುವಾರ ನೋವಿಲ್ಲದಿರುವುದು ಸುಳ್ಳಿಗೆ ಸಾಕ್ಷಿಯಲ್ಲ. ಆ ದಿನ ಈ ಇಡೀ ಸರಣಿ ಶುರುವೇ ಆಗಿರುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಅಪೆಂಡಿಸೈಟಿಸ್ ಕೂಡ ಮೊದಲು ಹೊಕ್ಕುಳ ಸುತ್ತಲೇ ಶುರುವಾಗಿ ಆಮೇಲೆ ಬಲಗಡೆ ಕೆಳಕ್ಕೆ ಸರಿಯುತ್ತದೆ. ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ನಿಲ್ಲದ ವಾಂತಿ, ಮಲದಲ್ಲಿ ರಕ್ತ, ತೂಕ ಇಳಿಯುವುದು, ಒಂದೇ ಜಾಗದಲ್ಲಿ ನಿಲ್ಲುವ ನೋವು, ಇವುಗಳಲ್ಲಿ ಒಂದು ಕಂಡರೂ ಮನಸ್ಸಿನ ಮಾತು ಆಮೇಲೆ, ವೈದ್ಯರು ಮೊದಲು.

ನಮ್ಮ ನೆಲದಲ್ಲಿ ಇಂಥ ತೊಂದರೆ ಎಷ್ಟಿದೆ ಎಂಬುದಕ್ಕೆ ಬೆಂಗಳೂರಿನದೇ ಒಂದು ಒಳ್ಳೆಯ ಅಧ್ಯಯನವಿದೆ. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯೆ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಹಾಗೂ ಸುತ್ತಲ ಹಳ್ಳಿಗಳಲ್ಲಿ ಹದಿನಾರು ವರ್ಷದವರೆಗಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2005ರಲ್ಲಿ ಪ್ರಕಟಿಸಿದ ವರದಿ ಅದು. ನಾಲ್ಕರಿಂದ ಹದಿನಾರು ವರ್ಷದವರಲ್ಲಿ ಶೇ 12ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ನಾಲ್ಕೈದು ಮಕ್ಕಳು ಎಂದಾಯಿತು. ಹೆಚ್ಚಾಗಿ ಕಂಡದ್ದು ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುವುದು, ನಿರ್ದಿಷ್ಟ ವಸ್ತು ಅಥವಾ ಸನ್ನಿವೇಶದ ಭಯ, ಅತಿಚಟುವಟಿಕೆ, ಉಗ್ಗು, ಹೇಳಿದ್ದಕ್ಕೆಲ್ಲ ಎದುರು ನಿಲ್ಲುವ ಹಟ. ನನ್ನನ್ನು ಹೆಚ್ಚು ಕಾಡಿದ್ದು ಅದೇ ವರದಿಯ ಇನ್ನೊಂದು ಅಂಕಿ: ಮಗುವಿಗೆ ತೊಂದರೆಯಿದೆ ಎಂದು ಮನೆಯವರಿಗೆ ಅನಿಸಿದ್ದು ಶೇ 37.5 ಕುಟುಂಬಗಳಲ್ಲಿ ಮಾತ್ರ. ಉಳಿದ ಮನೆಗಳಲ್ಲಿ ಅದು ಸೋಮಾರಿತನ, ಕೊಬ್ಬು, ನಾಟಕ, ಇಲ್ಲವೇ ‘ದೊಡ್ಡವನಾದ ಮೇಲೆ ಸರಿಹೋಗುತ್ತೆ’. ಮಾನಸಿಕ ತೊಂದರೆಯ ಜೊತೆಗೆ ಸ್ಪಷ್ಟವಾಗಿ ತಳಕು ಹಾಕಿಕೊಂಡಿದ್ದ ಸಂಗತಿಗಳಲ್ಲಿ ಒಂದು, ಹೊಡೆತ.

ಹಾಸಿಗೆಯಲ್ಲಿ ಮೂತ್ರ ಮಾಡುವ ಮಗುವಿಗೆ ನಮ್ಮ ಮನೆಗಳಲ್ಲಿ ಸಿಗುವ ಅವಮಾನ ಸಣ್ಣದಲ್ಲ. ನೆಂಟರ ಎದುರು ಹೇಳುತ್ತಾರೆ, ಒದ್ದೆ ಚಾಪೆಯನ್ನು ಎಲ್ಲರಿಗೂ ಕಾಣುವಂತೆ ಒಣಹಾಕುತ್ತಾರೆ. ಇದರ ಹಿಂದಿರುವುದು ದೇಹದ ಲೆಕ್ಕ. ರಾತ್ರಿ ಮೂತ್ರದ ಪ್ರಮಾಣ ತಗ್ಗಿಸಬೇಕಾದ ಹಾರ್ಮೋನು ಕೆಲವು ಮಕ್ಕಳಲ್ಲಿ ಸಾಕಷ್ಟು ಏರುವುದಿಲ್ಲ, ತುಂಬಿದ ಮೂತ್ರಕೋಶದ ಸೂಚನೆ ಗಾಢ ನಿದ್ದೆಯನ್ನು ಭೇದಿಸುವುದಿಲ್ಲ. ತಂದೆಗೋ ತಾಯಿಗೋ ಚಿಕ್ಕಂದಿನಲ್ಲಿ ಹೀಗಾಗುತ್ತಿದ್ದರೆ ಮಗುವಿಗೂ ಆಗುವ ಸಾಧ್ಯತೆ ಹೆಚ್ಚು. ಮುಚ್ಚಿಟ್ಟುಕೊಂಡ ಆ ಅಪ್ಪನೋ ಅಮ್ಮನೋ ಒಮ್ಮೆ ಬಾಯಿಬಿಟ್ಟು ಹೇಳಿದರೆ ಮಗುವಿನ ಅರ್ಧ ಭಾರ ಇಳಿಯುತ್ತದೆ.

ಶಾಲೆಯ ಶೌಚಾಲಯವೂ ಈ ಕಥೆಯ ಭಾಗ. ಚಿಲಕವಿಲ್ಲದ ಬಾಗಿಲು, ನೀರಿಲ್ಲದ ನಲ್ಲಿ ಇರುವ ಕಡೆ ಹೆಣ್ಣುಮಕ್ಕಳು ಬೆಳಗಿನಿಂದ ನೀರು ಕುಡಿಯುವುದಿಲ್ಲ, ಸಂಜೆಯವರೆಗೆ ಕಟ್ಟಿಕೊಂಡಿರುತ್ತಾರೆ. ಕಟ್ಟಿಕೊಂಡ ಮಲ ಗಟ್ಟಿಯಾಗುತ್ತದೆ, ತುಂಬಿದ ಮಲಾಶಯ ಪಕ್ಕದ ಮೂತ್ರಕೋಶವನ್ನು ಒತ್ತುತ್ತದೆ. ಹೊಟ್ಟೆನೋವು ಬರುತ್ತದೆ, ಚಡ್ಡಿ ಒದ್ದೆಯಾಗುತ್ತದೆ, ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಳ್ಳುತ್ತಾರೆ, ಮರುದಿನ ಶಾಲೆಯೆಂದರೆ ಭಯ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ‘ವಾಟರ್ ಬೆಲ್’ ಶುರುವಾದಾಗ ಕರ್ನಾಟಕವೂ ಅದನ್ನು ತೆಗೆದುಕೊಂಡಿತು. ಒಳ್ಳೆಯ ಯೋಚನೆ. ಆದರೆ ಕುಡಿದ ನೀರು ಹೋಗಬೇಕಾದ ಜಾಗ ಸರಿಯಿಲ್ಲದಿದ್ದರೆ ಮಕ್ಕಳು ಆ ಗಂಟೆಗೂ ಬಾಟಲಿ ತೆರೆಯುವುದಿಲ್ಲ. ಶೌಚಾಲಯಕ್ಕೆ ಒಂದು ಚಿಲಕ ಹಾಕಿಸುವುದನ್ನು ನಾನು ಮಾನಸಿಕ ಆರೋಗ್ಯದ ಕೆಲಸವೆಂದೇ ಎಣಿಸುತ್ತೇನೆ.

ಈಗ ತರಗತಿಯ ಒಳಗೆ ಬರೋಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರವಿಜ್ಞಾನಿ ವಿನೋದ್ ಮೆನನ್ ಅವರ ತಂಡ ಏಳರಿಂದ ಒಂಬತ್ತು ವರ್ಷದ ಮಕ್ಕಳನ್ನು ಮಿದುಳಿನ ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ ಸಣ್ಣ ಕೂಡುವ ಕಳೆಯುವ ಲೆಕ್ಕ ಕೊಟ್ಟಿತು. 2012ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಗಣಿತವೆಂದರೆ ಹೆದರುವ ಮಕ್ಕಳಲ್ಲಿ ಲೆಕ್ಕ ಕಂಡೊಡನೆ ಅಮಿಗ್ಡಲಾ ಹೆಚ್ಚು ಚುರುಕಾಯಿತು, ಲೆಕ್ಕ ಬಿಡಿಸಲು ಬೇಕಾದ ಭಾಗಗಳು ಮಂಕಾದವು. ಬುದ್ಧಿಮತ್ತೆಯಲ್ಲಿ ಈ ಮಕ್ಕಳು ಉಳಿದವರಿಗಿಂತ ಕಡಿಮೆಯೇನೂ ಇರಲಿಲ್ಲ. ಹಾವು ಕಂಡಾಗ ಎಚ್ಚರಿಸಬೇಕಾದ ಭಾಗ ಹದಿನಾಲ್ಕರಲ್ಲಿ ಆರು ಕಳೆಯುವಾಗ ಎಚ್ಚರಿಸುತ್ತಿತ್ತು, ಅಷ್ಟೇ. ಲೆಕ್ಕದ ನಡುವಿನ ಅಂಕಿಗಳನ್ನು ತಲೆಯಲ್ಲಿ ಹಿಡಿದಿಡುವ ತಾತ್ಕಾಲಿಕ ನೆನಪು ಒಂದು ಚಿಕ್ಕ ಸ್ಲೇಟಿನಂತೆ. ‘ತಪ್ಪಾದರೆ ಮೇಷ್ಟ್ರು ಬೈತಾರೆ, ಎಲ್ಲರೂ ನಗ್ತಾರೆ’ ಎಂಬುದನ್ನೇ ಅದರ ಮೇಲೆ ದಪ್ಪಗೆ ಬರೆದಿಟ್ಟರೆ ದಶಕ ಬರೆಯಲು ಜಾಗವಿರುವುದಿಲ್ಲ. ಮಗ್ಗಿ ಮನೆಯಲ್ಲಿ ಸರಾಗವಾಗಿ ಹೇಳಿ ಶಾಲೆಯಲ್ಲಿ ಎದ್ದುನಿಂತೊಡನೆ ಮರೆಯುವ ಮಗುವಿಗೆ ಆಗುವುದು ಇದೇ.

ಅದೇ ತಂಡ 2015ರಲ್ಲಿ ಹೊರತಂದ ಇನ್ನೊಂದು ಅಧ್ಯಯನ ನನಗೆ ಇನ್ನೂ ಮುಖ್ಯ. ಮೂರನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಎಂಟು ವಾರ ಗಣಿತ ಹೇಳಿಕೊಟ್ಟರು. ಸಮಾಧಾನದ ಮಾತಿನ ಚಿಕಿತ್ಸೆಯಲ್ಲ, ಬರೀ ಗಣಿತ. ಹೆದರುತ್ತಿದ್ದ ಮಕ್ಕಳ ಹೆದರಿಕೆ ಇಳಿಯಿತು, ಸ್ಕ್ಯಾನಿನಲ್ಲಿ ಅಮಿಗ್ಡಲಾದ ಅತಿಚಟುವಟಿಕೆಯೂ ಇಳಿದಿತ್ತು. ಭಯದ ಮೂಲವನ್ನೇ ಸುರಕ್ಷಿತವಾಗಿ, ಮತ್ತೆ ಮತ್ತೆ, ಗೆಲ್ಲಬಲ್ಲ ಗಾತ್ರದಲ್ಲಿ ಎದುರಿಸಿದ್ದರ ಫಲ ಅದು. ಮನಸ್ಸಿನ ಆರೋಗ್ಯವೆಂದರೆ ಪಾಠದ ಅವಧಿ ಕಡಿಮೆ ಮಾಡಿ ಮಾಡಬೇಕಾದ ಇನ್ನೊಂದು ಕಾರ್ಯಕ್ರಮ ಎಂದು ಭಾವಿಸುವ ಶಿಕ್ಷಕರಿಗೆ ಇದನ್ನು ಹೇಳಬೇಕೆನಿಸುತ್ತದೆ: ತಾಳ್ಮೆಯಿಂದ ಕಲಿಸಿದ ಕಳೆಯುವ ಲೆಕ್ಕವೂ ಆ ಕೆಲಸವನ್ನು ಮಾಡುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇದಕ್ಕೆ ಹೊಂದುವ ವ್ಯವಸ್ಥೆ ಆಗಲೇ ಇದೆ. ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗ ನೋಡಿಬಂದ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಶುರುಮಾಡಿದ ನಲಿ-ಕಲಿಯಲ್ಲಿ ಕಲಿಕಾ ಏಣಿಯ ಮೇಲೆ ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು, ತನ್ನದೇ ಕಾರ್ಡು. ಮೂರು ದಿನ ಜ್ವರ ಬಂದು ಮಲಗಿದ ಮಗು ನಾಲ್ಕನೆಯ ದಿನ ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ‘ಎಲ್ಲರೂ ಮುಂದೆ ಹೋದರು, ನಾನು ಹಿಂದೆ ಉಳಿದೆ’ ಎಂಬ ದಿಗಿಲಿಗೆ ಅಲ್ಲಿ ಅವಕಾಶ ಕಡಿಮೆ. ಎಲ್ಲ ಶಾಲೆಗಳಲ್ಲೂ ಇದು ಉತ್ಸಾಹದಿಂದ ನಡೆಯುತ್ತಿಲ್ಲ ಎಂಬುದು ನಿಜ. ಆದರೂ ಹಿಂದುಳಿಯುವ ಭಯವನ್ನು ವ್ಯವಸ್ಥೆಯಿಂದಲೇ ತೆಗೆದುಹಾಕುವ ಈ ಜಾಣತನಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ.

ಗೈರುಹಾಜರಿಯ ವಿಷಯ ಬಂದಿದ್ದರಿಂದ ಹೊಟ್ಟೆನೋವಿನ ಮಗುವಿನತ್ತ ಮತ್ತೆ ನೋಡಬೇಕು. ನೋವೆಂದಾಗ ಮನೆಗೆ ಕಳಿಸಿದರೆ ಏನಾಗುತ್ತದೆ? ಅಂಗಳ ಮುಟ್ಟುವ ಮೊದಲೇ ನೋವು ಹೋಗುತ್ತದೆ. ಮಿದುಳು ಒಂದು ಪಾಠ ಕಲಿಯುತ್ತದೆ: ಶಾಲೆಯಿಂದ ದೂರ ಹೋದರೆ ನೆಮ್ಮದಿ. ಮರುದಿನ ಭಯ ಇನ್ನಷ್ಟು ಬೇಗ, ಇನ್ನಷ್ಟು ಜೋರಾಗಿ ಬರುತ್ತದೆ. ಬೈದು, ಹೊಡೆದು ಕೂರಿಸಿದರೆ ಅಮಿಗ್ಡಲಾಕ್ಕೆ ತನ್ನ ಅನುಮಾನ ಸರಿಯೆಂದು ಖಚಿತವಾಗುತ್ತದೆ. ನಡುವಿನ ದಾರಿಯೇ ಚಿಕಿತ್ಸೆ. ನೋವನ್ನು ನಂಬುವುದು, ಆದರೆ ಶಾಲೆಯಲ್ಲೇ ಉಳಿಸಿಕೊಳ್ಳುವುದು.

ನನಗೆ ಪರಿಚಯದ ಶಿಕ್ಷಕಿಯೊಬ್ಬರು ಇದನ್ನು ಮಾಡುವ ಬಗೆಯನ್ನು ನೋಡಿದ್ದೇನೆ. ಮೂರನೆಯ ತರಗತಿಯ ಹುಡುಗಿ. ಅಪ್ಪ ಅಮ್ಮ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದಮೇಲೆ ಅಜ್ಜಿಯ ಮನೆಯಲ್ಲಿದ್ದಳು. ಗೇಟಿನವರೆಗೆ ಬಂದು ಅಜ್ಜಿಯ ಸೆರಗು ಹಿಡಿದು ನಿಲ್ಲುತ್ತಿದ್ದಳು. ಶಿಕ್ಷಕಿ ಅಜ್ಜಿಗೆ ಹೇಳಿದ್ದು ಇಷ್ಟು: ‘ಅಜ್ಜಿ, ಹೇಳದೆ ಜಾರ್ಕೊಂಡು ಹೋಗ್ಬೇಡಿ. ಊಟದ ಬೆಲ್ ಆದಾಗ ಬರ್ತೀನಿ ಅಂತ ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ.’ ಮೊದಲ ವಾರ ಊಟದವರೆಗೆ, ಆಮೇಲೆ ಮಧ್ಯಾಹ್ನದ ಒಂದು ಅವಧಿಯವರೆಗೆ, ಆಮೇಲೆ ಇಡೀ ದಿನ. ಬಂದ ಕೂಡಲೇ ಅವಳಿಗೊಂದು ಕೆಲಸ: ಶಾಲೆಯ ಎರಡೂ ಕೋಣೆಯ ಮಕ್ಕಳನ್ನು ಎಣಿಸಿ, ಬಿಸಿಯೂಟಕ್ಕೆ ಎಷ್ಟು ಜನ ಎಂದು ಅಡುಗೆಯಮ್ಮನಿಗೆ ಹೇಳಿಬರುವುದು. ‘ಹೊಟ್ಟೆ ನೋವಾ? ಸರಿ, ನೀರು ಕುಡಿದು ಇಲ್ಲಿ ಕೂತ್ಕೊ. ಕಮ್ಮಿ ಆದ್ಮೇಲೆ ಎಣಿಸೋಕೆ ಹೋಗುವೆಯಂತೆ.’ ನೋವಿನ ವಿಚಾರಣೆಗೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಎಣಿಸಿ ಬಂದಾಗ ಮಾತ್ರ ಪೂರ್ತಿ ಮುಖವೆತ್ತಿ ಕೇಳುತ್ತಿದ್ದರು. ಮನೋವಿಜ್ಞಾನದ ಪುಸ್ತಕದಲ್ಲಿ ಇದನ್ನು ಹಂತಹಂತದ ಒಡ್ಡುವಿಕೆ ಎನ್ನುತ್ತಾರೆ. ಆ ಶಿಕ್ಷಕಿ ಅದನ್ನು ಎಲ್ಲಿಯೂ ಓದಿರಲಿಲ್ಲ.

ಇಂಥ ಒಬ್ಬ ದೊಡ್ಡವರು ಇರುವುದರ ಬೆಲೆ ಎಷ್ಟೆಂದು ಹವಾಯಿಯ ಕವಾಯಿ ದ್ವೀಪದಿಂದ ತಿಳಿಯುತ್ತದೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಕುಡಿತ, ಮನೆಯ ಜಗಳ, ತಂದೆತಾಯಿಯ ಮಾನಸಿಕ ಕಾಯಿಲೆ ಇವೆಲ್ಲ ಕೂಡಿ ಬಂದಿದ್ದ ಮಕ್ಕಳಲ್ಲೂ ಮೂವರಲ್ಲಿ ಒಬ್ಬರು ಆರೋಗ್ಯವಂತ, ಪ್ರೀತಿಯುಳ್ಳ ದೊಡ್ಡವರಾದರು. ಅವರ ಬದುಕಿನಲ್ಲಿ ಪದೇಪದೇ ಕಂಡದ್ದು ಮಗುವನ್ನು ಬಿಟ್ಟುಕೊಡದ ಒಬ್ಬ ವ್ಯಕ್ತಿ: ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು. ಮನೆಯ ಹೊರಗೆ ಅತಿ ಹೆಚ್ಚು ಸಲ ಸಿಕ್ಕವರು ಶಿಕ್ಷಕರು.

ಒಂದು ಮಗುವಿನ ಬಗ್ಗೆ ಇಷ್ಟಾಯಿತು. ನಲವತ್ತು ಮಕ್ಕಳ ಗದ್ದಲದ ನಡುವೆ ಒಬ್ಬೊಬ್ಬರನ್ನೇ ಹೇಗೆ ನೋಡಿಕೊಳ್ಳುವುದು ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಬಾಲ್ಟಿಮೋರ್ ನಗರದಿಂದ ಒಂದು ಉತ್ತರವಿದೆ. 1969ರಲ್ಲಿ ಅಮೆರಿಕದ ಕ್ಯಾನ್ಸಸ್‌ನಲ್ಲಿ ಹುಟ್ಟಿದ ಒಂದು ತರಗತಿಯಾಟವನ್ನು ಮನೋವೈದ್ಯ ಶೆಪರ್ಡ್ ಕೆಲ್ಲಮ್ 1985ರ ಶಾಲಾವರ್ಷದಿಂದ ಬಾಲ್ಟಿಮೋರ್‌ನ ಒಂದನೆಯ ತರಗತಿಗಳಲ್ಲಿ ಆಡಿಸಿದರು. ತುಂಟರೂ ಸಾಧುಗಳೂ ಬೆರೆತ ತಂಡಗಳು. ನಿಯಮಗಳು ಗೋಡೆಯ ಮೇಲೆ. ಯಾರಾದರೂ ನಿಯಮ ಮುರಿದರೆ ಆ ತಂಡಕ್ಕೆ ಒಂದು ಗುರುತು, ಬೈಗುಳವಿಲ್ಲ. ಗುರುತುಗಳು ಮಿತಿಯೊಳಗಿದ್ದ ಎಲ್ಲ ತಂಡಗಳೂ ಗೆದ್ದಂತೆ. ಮೊದಮೊದಲು ಹತ್ತು ನಿಮಿಷದ ಆಟ, ಬರುಬರುತ್ತ ಹೊತ್ತು ಹೆಚ್ಚು. ಆ ಮಕ್ಕಳು ಇಪ್ಪತ್ತರ ಆಸುಪಾಸಿಗೆ ಬಂದಾಗ ಮತ್ತೆ ಹುಡುಕಿ ಮಾತಾಡಿಸಿದರು. ಒಂದನೆಯ ತರಗತಿಯಲ್ಲಿ ಅತಿ ಜಗಳಗಂಟರಾಗಿದ್ದ ಹುಡುಗರಲ್ಲಿ, ಆಟವಾಡಿದ ತರಗತಿಗಳಿಂದ ಬಂದವರು ಮಾದಕವಸ್ತುಗಳ ಹಿಡಿತಕ್ಕೆ ಬಿದ್ದದ್ದು ಉಳಿದವರಿಗಿಂತ ಗಮನಾರ್ಹವಾಗಿ ಕಡಿಮೆ. ಅದೇ ಬಗೆಯ ಹುಡುಗರು ಹತೋಟಿ ತಪ್ಪಿದ ತರಗತಿಗೆ ಬಿದ್ದಿದ್ದರೆ ವರ್ಷ ಕಳೆದಂತೆ ಇನ್ನಷ್ಟು ಆಕ್ರಮಣಶೀಲರಾಗಿದ್ದರು. ಮುಂದೇನಾಗುತ್ತದೆ ಎಂದು ಮುಂಚೆಯೇ ಗೊತ್ತಿರುವ ಕೋಣೆಯಲ್ಲಿ ಹೆದರುವ ಮಗುವಿಗೂ ಜಗಳಗಂಟನಿಗೂ ಒಟ್ಟಿಗೇ ಉಸಿರು ನಿರಾಳವಾಗುತ್ತದೆ.

ಬೈಗುಳವಿಲ್ಲದ ತರಗತಿಯನ್ನು ನಮ್ಮ ಕಾನೂನೂ ಕೇಳುತ್ತದೆ: ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 2010ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಕೋಲು ಎಷ್ಟೋ ಕಡೆ ಮರೆಯಾಗಿದೆ, ‘ನಿನ್ನ ತಲೇಲಿ ಇರೋದು ಸಗಣಿ’ ಎಂಬ ಮಾತು ಮರೆಯಾಗಿಲ್ಲ. ಆ ಮಾತಾಡುವ ಶಿಕ್ಷಕರೂ ಹಲವರು ದಣಿದವರೇ. ಎರಡು ತರಗತಿಯನ್ನು ಒಟ್ಟಿಗೆ ಕೂರಿಸಿಕೊಂಡು, ಮೊಟ್ಟೆ ಬಾಳೆಹಣ್ಣಿನ ಲೆಕ್ಕ ಬರೆದು, ಆನ್‌ಲೈನಿನಲ್ಲಿ ಮಾಹಿತಿ ತುಂಬಿ, ಚುನಾವಣೆ ಗಣತಿ ಕೆಲಸಕ್ಕೂ ಓಡುವವರಿಂದ ಗೇಟಿನ ಬಳಿ ಎರಡು ನಿಮಿಷ ನಿಲ್ಲುವ ಸಮಾಧಾನವನ್ನು ಬಯಸುವ ಇಲಾಖೆ ಮೊದಲು ಅವರಿಗೆ ಆ ಎರಡು ನಿಮಿಷವನ್ನು ಬಿಡಿಸಿಕೊಡಬೇಕು.

ತರಗತಿಯಲ್ಲಿ ಬಗೆಹರಿಯದ ತೊಂದರೆಗಳೂ ಇವೆ. ಹಲವು ವಾರ ಕಳೆದರೂ ಶಾಲೆಗೆ ಬರಲಾಗದಿದ್ದರೆ, ಆಟವನ್ನೂ ಗೆಳೆಯರನ್ನೂ ಬಿಟ್ಟುಬಿಟ್ಟರೆ, ತನಗೆ ತಾನೇ ನೋವು ಮಾಡಿಕೊಂಡರೆ, ಸಾಯುವ ಮಾತಾಡಿದರೆ, ಯಾರೋ ಮೈಮುಟ್ಟಿದ ಸೂಚನೆ ಸಿಕ್ಕಿದರೆ ತಡಮಾಡಬಾರದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಸೇವೆ ಇರುತ್ತದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಮಗುವಿಗೆ ಅಪಾಯವಿದ್ದರೆ 1098. ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಶಿಕ್ಷಕರು ಮಗುವಿನ ಬಗ್ಗೆ ಕೇಳಲು ಮಾತ್ರವಲ್ಲ, ತಮ್ಮ ಸಲುವಾಗಿಯೂ ಅಲ್ಲಿಗೆ ಕರೆ ಮಾಡಬಹುದು.